ಮಂಜವ್ವನ ಕಾಗದ

ನನ್ನ ಹೆಸರು ಸುಮನ್, ಊರು ಸವಣೂರು. ಹದಿಮೂರು ವರ್ಷ ಒಂದು ಪ್ರಯೋಗಾಲಯದಲ್ಲಿ ರಕ್ತಭೇದಿಯ ಕ್ರಿಮಿಗಳನ್ನು ಸಾಕಿದೆ. ಸಾಕಿದೆ ಎಂದರೆ ಜನ ನಗುತ್ತಾರೆ. ನಗಲಿ. ಮಕ್ಕಳಾದರೆ ಹಸಿವಾದಾಗ ಅಳುತ್ತವೆ, ಇವು ಹೇಳದೆ ಕೇಳದೆ ಸತ್ತುಹೋಗುತ್ತವೆ. ಆ ಸಂಸ್ಥೆಯ ಹೆಸರು ಹೇಳುವುದಿಲ್ಲ. ಹೇಳಿದರೆ ಅದಕ್ಕೂ ಮಾನ ಹೆಚ್ಚುವುದಿಲ್ಲ, ನನಗೂ ಇಲ್ಲ.

ಎಪ್ಪತ್ತೊಂಬತ್ತರ ಮುಂಗಾರಿನಲ್ಲಿ ಯಲವಿಗಿಯಲ್ಲಿ ರಕ್ತಭೇದಿ ಎದ್ದಿತು. ಆ ಕಡೆಯವಳೆಂದು ಮಾದರಿ ತರಲು ನನ್ನನ್ನೇ ಕಳಿಸಿದರು. ಒಂದೇ ಬಾವಿಯ ನೀರು ಕುಡಿದ ಹನ್ನೊಂದು ಮಕ್ಕಳು ಮಲಗಿದ್ದವು. ಹತ್ತು ಮಕ್ಕಳು ವಾರದೊಳಗೆ ಎದ್ದು ಆಡಿದವು. ಮಂಜವ್ವ ಎಂಬ ಕೂಲಿ ಹೆಣ್ಣಿನ ನಾಲ್ಕು ವರ್ಷದ ಮಗಳು ಮಾತ್ರ ಎರಡೇ ದಿನದಲ್ಲಿ ಹೋಯಿತು. ಬೇನೆ ಬಿದ್ದ ದಿನ ಬೆಳಿಗ್ಗೆ ಮಂಜವ್ವ ಅದಕ್ಕೆ ಹಿಂದಿನ ದಿನದ ಅಂಬಲಿ ಕುಡಿಸಿದ್ದಳು. ಅತ್ತೆ ಹುಚ್ಚವ್ವನಿಗೆ ಅಷ್ಟು ಸಾಕಾಯಿತು. "ಹಳಸಿದ್ದು ಕುಡಿಸಿ ಕೂಸಿನ್ನ ಕೊಂದ್ಲು" ಎಂದು ಹೆಣದ ಮುಂದೆಯೇ ಅಂದಳು. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ? ಸಂಜೆಯೊಳಗೆ ಓಣಿಯೆಲ್ಲ ಅದೇ ಮಾತು.

ನಾನು ಬಸ್ಸಿಗೆ ಹೊರಟಾಗ ಮಂಜವ್ವ ಹಿಂದಿನಿಂದ ಬಂದಳು.

"ಬಾಯಾರ, ನೀವು ಕಲತಾಕಿ ಅದೀರಿ. ಎಲ್ಲಾರೂ ಅದ ನೀರು ಕುಡದಾರ. ನನ್ನ ಕೂಸು ಒಂದ ಯಾಕ ಸತ್ತಿತರಿ? ಆ ಅಂಬಲಿ ನಾನೂ ಕುಡದೇನಿ."

"ನೋಡ್ತೇನಿ. ಗೊತ್ತಾದ ಕೂಡಲೇ ಬಂದು ಹೇಳ್ತೇನಿ" ಎಂದೆ.

"ಬರೇ ಹೇಳಬ್ಯಾಡ್ರಿ. ಕಾಗದದ ಮ್ಯಾಲ ಬರಕೊಂಡು ಬರ್ರಿ. ನನ್ನ ಮಾತು ಇಲ್ಲಿ ಯಾರೂ ಕೇಳಂಗಿಲ್ಲ."

ಆಗಲಿ ಎಂದೆ. ನನಗಾಗ ಇಪ್ಪತ್ತೊಂಬತ್ತು. ಆ ವಯಸ್ಸಿನಲ್ಲಿ ಮಾತು ಕೊಡಲು ಯಾರಿಗೆ ಭಯ?

ಆರ್‌ಎನ್‌ಎ ಎಂದರೇನೆಂದು ಮನೆಯವರಿಗೆ ಹೇಳುವಾಗ ನಾನು ತಹಶೀಲ್ದಾರ ಕಚೇರಿಯನ್ನು ತೋರಿಸುತ್ತಿದ್ದೆ. ಡಿಎನ್‌ಎ ಮೂಲ ದಫ್ತರ, ಕಪಾಟು ಬಿಟ್ಟು ಹೊರಬರುವುದಿಲ್ಲ. ಆರ್‌ಎನ್‌ಎ ಅದರ ನಕಲು ಚೀಟಿ. ಚೀಟಿ ನೋಡಿ ಕೆಲಸ ನಡೆಯುತ್ತದೆ. ಚೀಟಿ ಬರೀ ಚೀಟಿ, ಅದಕ್ಕೆ ಸ್ವಂತ ಅಧಿಕಾರವಿಲ್ಲ ಎಂದು ನಾವೆಲ್ಲ ಓದಿದ್ದೆವು. ಆದರೆ ಮಂಜವ್ವನ ಮಗುವಿನ ಕ್ರಿಮಿಯನ್ನು ಮೈಯ ಬಿಸಿಗೆ ಬೆಳೆಸಿ ಆರ್‌ಎನ್‌ಎ ತೆಗೆದು ಜೆಲ್ಲಿನಲ್ಲಿ, ಅಂದರೆ ಚೂರುಗಳನ್ನು ಗಾತ್ರದಂತೆ ಬೇರ್ಪಡಿಸುವ ಅಂಟಿನ ಪದರದಲ್ಲಿ, ಓಡಿಸಿದಾಗ ತಳದಲ್ಲಿ ಒಂದು ಸಣ್ಣ ಗೆರೆ ಕಂಡಿತು. ಉಳಿದ ಹತ್ತು ಮಕ್ಕಳ ಕ್ರಿಮಿಯಲ್ಲಿ ಅದಿರಲಿಲ್ಲ. ಆ ಸಣ್ಣ ಚೀಟಿಯೇ ಅಧಿಕಾರ ನಡೆಸಿ ಕ್ರಿಮಿಯ ವಿಷವನ್ನು ಹೆಚ್ಚಿಸುತ್ತಿದೆ ಎಂದು ನನಗೆ ಅನ್ನಿಸಿತು. ಹಾಗಿದ್ದರೆ ಅಂಬಲಿಯ ತಪ್ಪಿಲ್ಲ, ಮಂಜವ್ವನದೂ ಇಲ್ಲ. ಮಗುವಿನ ಹೊಟ್ಟೆಗೆ ಬಿದ್ದದ್ದೇ ಬೇರೆ ಕ್ರಿಮಿ.

ನನ್ನ ಸಂಶೋಧನೆ ನೋಡಿಕೊಳ್ಳುತ್ತಿದ್ದ ಗೈಡು ಜೆಲ್ಲಿನ ಫೋಟೋ ನೋಡಿ ಒಂದೇ ಮಾತು ಅಂದರು: "ಇದು ಮುರದು ಬಿದ್ದ ಚೂರು. ನಿಮ್ಮ ಕೈ ಸ್ವಚ್ಛ ಇಲ್ಲ."

ಬೆರಳಿನ ಬೆವರು ತಾಗಿದರೂ ಆರ್‌ಎನ್‌ಎ ಚೂರಾಗುತ್ತದೆ ಎಂಬುದು ನಿಜ. ಆದರೆ ಆ ಮಾತನ್ನು ನನಗೆ ಹೇಳಬಾರದಿತ್ತು. ನಮ್ಮವ್ವ ಯಮುನಾಬಾಯಿ ಮಡಿಯಲ್ಲಿದ್ದರೆ ಗಾಳಿಯೂ ಕೇಳಿ ಒಳಗೆ ಬರಬೇಕು. ಆ ಮನೆಯಲ್ಲಿ ಹುಟ್ಟಿ, ಮಡಿ ಸಾಕೆಂದು ಓಡಿಹೋಗಿ, ಅದಕ್ಕಿಂತ ದೊಡ್ಡ ಮಡಿಗೆ ಬಿದ್ದವಳು ನಾನು. ಕೈಗವಸು ಹಾಕಿಕೊಂಡು, ಗಾಜನ್ನು ಬೆಂಕಿಯಲ್ಲಿ ಕಾಯಿಸಿ, ನಲವತ್ತು ಸಲ ಮಾಡಿದೆ. ನಲವತ್ತು ಸಲವೂ ಗೆರೆ ಅಲ್ಲೇ ಇತ್ತು. ಅವರು ಒಪ್ಪಲಿಲ್ಲ, ಅವರ ಸಹಿಯಿಲ್ಲದೆ ಮಂಜವ್ವನಿಗೆ ಕಾಗದ ಬರೆಯುವಂತಿರಲಿಲ್ಲ, ನನ್ನ ತಾತ್ಕಾಲಿಕ ಹುದ್ದೆ ತಾತ್ಕಾಲಿಕವಾಗಿಯೇ ಉಳಿಯಿತು.

ಪಕ್ಕದ ಮೇಜಿನ ಅನಂತ ಎಂಬುವವ ಒಮ್ಮೆ ಕೇಳಿದ, "ನನಗ ಆ ಕ್ರಿಮಿ ಒಂದು ಸೀಸೆ ಕೊಡ್ರಿ, ನಾನೂ ಮಾಡಿ ನೋಡ್ತೇನಿ." ನಾನು ಕೊಡಲಿಲ್ಲ. ನನಗಿಂತ ಮೊದಲು ಎಲ್ಲಿ ಪ್ರಕಟಿಸಿಬಿಟ್ಟಾನೋ ಎಂಬ ಹೊಟ್ಟೆಕಿಚ್ಚು. ಇದನ್ನು ಯಾರ ಮೇಲೂ ಹಾಕುವುದಿಲ್ಲ, ಇದು ನನ್ನದೇ.

ಎಂಬತ್ತನಾಲ್ಕರಲ್ಲಿ ಅಜ್ಜಿ ಹಾಸಿಗೆ ಹಿಡಿದಳು. ರಜೆ ಹಾಕಿ ಸವಣೂರಿಗೆ ಬಂದೆ. ನಾನಿಲ್ಲದಾಗ ಗೈಡು ನನ್ನ ಕಪಾಟು ತೆರವು ಮಾಡಿಸಿದರೆಂದರೆ ಕೇಳುವವರಾರು? ಅದಕ್ಕೇ ಆ ಕ್ರಿಮಿಯ ಆರೂ ಸೀಸೆಗಳನ್ನು ಜೊತೆಗೆ ತಂದೆ. ಬಾಯಿಗೆ ಮೇಣ ಮೆತ್ತಿ ಕತ್ತಲೆಯಲ್ಲಿಟ್ಟರೆ ವರ್ಷಗಟ್ಟಲೆ ಬದುಕುತ್ತವೆ. ಕತ್ತಲೆಕೋಣೆಯ ಗೂಡಿನಲ್ಲಿಟ್ಟು ಅವ್ವನಿಗೆ ಹೇಳಿದೆ, "ಮುಟ್ಟಬ್ಯಾಡ. ರಕ್ತಭೇದಿ ಕ್ರಿಮಿ ಅವ. ಒಡದು ಗಿಡದೀತು. ಹಂಗೇನರ ಚೆಲ್ಲೂ ಪ್ರಸಂಗ ಬಂದ್ರ ಅರ್ಧ ತಾಸು ಕುದಿಸೇ ಚೆಲ್ಲಬೇಕು."

"ಯಾಕವಾ ಇಂಥಾವು ಮನ್ಯಾಗ?" ಎಂದಳು ಅವ್ವ.

"ಮೊಸರಿನ ಹೆಪ್ಪು ಇಟ್ಟಂಗ. ಇದ್ರಾಗಿಂದ ತಗದು ಮತ್ತ ಬೆಳಸೂದು."

ಎರಡು ತಿಂಗಳು ನರಳಿ ಅಜ್ಜಿ ತೀರಿಕೊಂಡಳು. ಸೂತಕದ ಒಂಬತ್ತನೆಯ ದಿನ ಗೈಡಿನ ಪತ್ರ ಬಂತು. ಹೊರದೇಶದವರು ಬೇರೊಂದು ಕ್ರಿಮಿಯಲ್ಲಿ ಅಂಥದೇ ಸಣ್ಣ ಆರ್‌ಎನ್‌ಎ ಕಂಡಿದ್ದಾರೆ, ಅದು ಬೇರೆ ಚೀಟಿಯ ಬಾಯಿ ಕಟ್ಟುತ್ತದಂತೆ. ನೀವು ಕ್ರಿಮಿ ತೆಗೆದುಕೊಂಡು ಕೂಡಲೇ ಬನ್ನಿ, ಎಲ್ಲರೆದುರು ಮತ್ತೊಮ್ಮೆ ಮಾಡಿ ತೋರಿಸೋಣ, ನಿಮ್ಮ ಹುದ್ದೆಯದೂ ನೋಡೋಣ, ಎಂದಿತ್ತು. ಪತ್ರ ಓದಿ ಹಿತ್ತಲಿಗೆ ಹೋಗಿ ಅತ್ತೆ. ಸಾವಿನ ಮನೆ, ಯಾರೂ ಯಾಕೆಂದು ಕೇಳಲಿಲ್ಲ. ಐದು ವರ್ಷಗಳಲ್ಲಿ ಆ ಒಂದು ದಿನ ನಾನು ಸುಖವಾಗಿದ್ದೆ.

ಹನ್ನೊಂದನೆಯ ದಿನ ಮನೆಯ ಶುದ್ಧಿ. ನಾನು ಬೆಳಗಿನಿಂದ ಬಾವಿಯ ಕಟ್ಟೆಯ ಮೇಲೆ ನಿಂತು ನೆಂಟರ ಸ್ನಾನಕ್ಕೆ ನೀರು ಸೇದುತ್ತಿದ್ದೆ. ಒಳಗೆ ಬಂದಾಗ ನೆಲವೆಲ್ಲ ಸಾರಿಸಿತ್ತು. ಗೂಡು ಖಾಲಿಯಿತ್ತು.

"ಅವ್ವಾ, ಸೀಸೆ ಎಲ್ಲಿ?"

ಅವ್ವ ಒದ್ದೆ ಸೀರೆಯಲ್ಲೇ ತಾಮ್ರದ ತಂಬಿಗೆ ಬೆಳಗುತ್ತಿದ್ದಳು. "ಸೂತಕದಾಗಿಂದು ಹಳೇದು ಏನೂ ಇಟಗೋಬಾರದು. ಕೊಡದ ನೀರು ಚೆಲ್ಲಿದೆ, ಮೊಸರು ಚೆಲ್ಲಿದೆ, ಹೆಪ್ಪು ಚೆಲ್ಲಿದೆ. ನಿಂದೂ ಹೆಪ್ಪಲ್ಲಾ? ಹಂಡೇದಾಗ ಹಾಕಿ ನೀ ಹೇಳಿದಷ್ಟೂ ಕುದಿಸೇನಿ. ಆಮ್ಯಾಲೆ ತಿಪ್ಪಿಗೆ ಹಾಕೇನಿ."

ಅರ್ಧ ತಾಸು ಸಾಲದೆಂದು ಒಂದು ತಾಸು ಕುದಿಸಿದ್ದಳಂತೆ. ಯಾವ ಪ್ರಯೋಗಾಲಯದಲ್ಲೂ ಇಷ್ಟು ಶಾಸ್ತ್ರೋಕ್ತವಾಗಿ ಕ್ರಿಮಿ ಕೊಂದಿರಲಿಕ್ಕಿಲ್ಲ. ನನ್ನ ಮುಖ ನೋಡಿ ಅವ್ವ ಹೆದರಿದಳು.

"ಮೊಸರಿಂದು ಬಾಜೂ ಮನಿಯಿಂದ ತರಸೇನಿ. ನೀನೂ ಎಲ್ಲಿಂದ ತಂದಿದ್ದಿ, ಅಲ್ಲಿಂದ ಹೊಸಾದು ತಗೊಂಡು ಬಾರವಾ. ಇಲ್ಲಾ ಅಂತಾರೇನು?"

ಬೈಯುವುದಾದರೂ ಯಾರನ್ನು? ಹೆಪ್ಪು ಅಂದವಳು ನಾನು, ಕುದಿಸು ಅಂದವಳೂ ನಾನು. ಫೋಟೋಗಳಿದ್ದವು, ಬರೆದಿಟ್ಟ ವಹಿಗಳಿದ್ದವು. ಕ್ರಿಮಿಯಿಲ್ಲದೆ ಅವನ್ನು ಯಾರು ನಂಬುತ್ತಾರೆ? ಬೇರೆ ದಾರಿ ಕಾಣದೆ, ಮೂರನೆಯ ದಿನ ತಿಪ್ಪೆಯಿಂದ ಆರಿಸಿ ತೊಳೆದ ಖಾಲಿ ಸೀಸೆಗಳನ್ನು ಚೀಲಕ್ಕೆ ಹಾಕಿಕೊಂಡು ಅವ್ವ ಹೇಳಿದಂತೆಯೇ ಯಲವಿಗಿಗೆ ಹೋದೆ.

ಊರಲ್ಲಿ ಬೋರು ಬಂದಿತ್ತು. ಹಳೆಯ ಬಾವಿಗೆ ಕಲ್ಲು ತುಂಬಿಸಿದ್ದರು. ಮನೆಮನೆಗೆ ಹೋಗಿ, ಯಾರಿಗಾದರೂ ರಕ್ತಭೇದಿ ಆಗಿದೆಯೇ ಎಂದು ಕೇಳಿದೆ. ಈ ವರ್ಷ ಇಲ್ಲ, ಹೋದ ವರ್ಷವೂ ಇಲ್ಲ ಎಂದರು. ಬೋರಿನ ಬಳಿ ಮಕ್ಕಳು ನೀರೆರಚಾಡುತ್ತಿದ್ದವು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ಇವುಗಳಲ್ಲಿ ಒಂದಾದರೂ ಮಲಗಬಾರದೇ ಎಂದು ನನ್ನ ಮನಸ್ಸು ಬೇಡಿಕೊಂಡಿತು. ನಾನು ಏನಾಗಿದ್ದೇನೆ ಎಂದು ನನಗೇ ಹೇಸಿಕೆ ಬಂತು.

ತಿರುಗಿ ಹೊರಟಾಗ ಮಂಜವ್ವ ಗುರುತು ಹಿಡಿದಳು. ಗಂಡ ನೀಲಪ್ಪ ಇನ್ನೊಂದು ಮದುವೆಯಾಗಿದ್ದ. ಈಕೆ ಅದೇ ಮನೆಯ ದನದ ಕೊಟ್ಟಿಗೆಯ ಪಕ್ಕ ಒಬ್ಬಳೇ ಒಲೆ ಹೂಡಿಕೊಂಡಿದ್ದಳು.

"ಬರ್ರಿ ಬಾಯಾರ, ಕುಂದರ್ರಿ. ಕಾಗದ ತಂದ್ರೇನ್ರಿ?"

"ನಿಂದೇನೂ ತಪ್ಪಿಲ್ಲ ಮಂಜವ್ವ. ಅಂಬಲಿಯಿಂದ ಆಗಿದ್ದಲ್ಲ. ಆ ಕೂಸಿಗೆ ಬಂದಿದ್ದ ಕ್ರಿಮೀನ ಬ್ಯಾರೆ. ನಾನು ಕಣ್ಣಾರೆ ನೋಡೇನಿ."

"ಹಂಗಂತ ಬರದೀರೇನ್ರಿ?"

"ಬರೀಲಿಕ್ಕೆ ಆಗೂದಿಲ್ಲ. ತೋರಿಸೂದಕ್ಕೆ ಈಗ ಏನೂ ಉಳಿದಿಲ್ಲ."

ಮಂಜವ್ವನ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ನಾನು ಬದುಕುತ್ತಿದ್ದೆ.

"ಇರ್ಲಿ ಬಿಡ್ರಿ. ಬಡವಿ ಅಂತ ಸಮಾಧಾನ ಹೇಳಾಕ ಇಷ್ಟು ದೂರ ಬಂದೀರಿ" ಎಂದಳು. "ಮೊದಲ ಎರಡು ವರ್ಷ ನಿಮ್ಮ ದಾರಿ ನೋಡಿದೆ. ಆಮ್ಯಾಲೆ ತಿಳೀತು, ನಮ್ಮ ಅತ್ತಿ ಅಂದದ್ದ ಖರೆ. ನಾನ ಕೊಂದೇನ್ರಿ."

ಅಲ್ಲ, ಅಲ್ಲ ಎಂದೆ ನಾನು. ಆಕೆ ಆಗಲೇ ಚಹಾಕ್ಕಿಡಲು ಒಲೆಗೆ ಕಟ್ಟಿಗೆ ಒಡ್ಡುತ್ತಿದ್ದಳು.