ಪಾಸ್‌ವರ್ಡ್ ಇಲ್ಲದ ಪ್ರಿಂಟರ್

ಮಹಡಿಯ ಮೇಲೆ ಅಕ್ಕ, ಕೆಳಗೆ ತಂಗಿ ಮತ್ತು ಅವಳ ಸಂಸಾರ. ಅಕ್ಕ ಮದುವೆಯ ಗೋಜಿಗೆ ಹೋದವಳಲ್ಲ. ಮಕ್ಕಳ ಬಟ್ಟೆಗಳಿಗೆ ವಿನ್ಯಾಸ ಬರೆಯುವುದು ಅವಳ ಕಸುಬು. ಫ್ರಾಕಿನ ಕಾಲರ್ ಹೇಗೆ ಬಾಗಬೇಕು, ಜೇಬು ಎಲ್ಲಿದ್ದರೆ ಪುಟ್ಟ ಕೈ ಎಟುಕುತ್ತದೆ, ಗುಂಡಿ ಎಷ್ಟು ದೊಡ್ಡದಿದ್ದರೆ ಮಗು ತಾನೇ ಹಾಕಿಕೊಳ್ಳುತ್ತದೆ, ಇವೇ ಹಗಲಿಡೀ ಅವಳ ತಲೆಯಲ್ಲಿ. ತಂಗಿ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಅಂಗಡಿಗಳಿಗೆ ಬಟ್ಟೆ ಹೊಲಿದು ಕೊಡುತ್ತಿದ್ದಳು. ಒಬ್ಬಳಿಗೆ ಪೆನ್ಸಿಲ್, ಒಬ್ಬಳಿಗೆ ಕತ್ತರಿ ಎಂದು ಅಪ್ಪ ನಗುತ್ತಿದ್ದ ಕಾಲದಿಂದಲೂ ಇಬ್ಬರೂ ಹಾಗೆಯೇ.

ಅಕ್ಕ ಮೊದಲು ಪೆನ್ಸಿಲಿನಲ್ಲಿ ಕಚ್ಚಾ ಚಿತ್ರ ಬರೆದು, ಅದನ್ನು ಸ್ಕ್ಯಾನ್ ಮಾಡಿ, ದೊಡ್ಡದಾಗಿ ಪ್ರಿಂಟ್ ತೆಗೆದು, ಅದರ ಮೇಲೆ ವಾರಗಟ್ಟಲೆ ತಿದ್ದುವಳು. ಬಣ್ಣ ತುಂಬಿದ ಮೇಲಷ್ಟೇ ಅದು ಕಂಪನಿಗೆ ಹೋಗುತ್ತಿತ್ತು. ಇದಕ್ಕಾಗಿ ಹೋದ ವರ್ಷ ಹೊಸ ಪ್ರಿಂಟರ್ ತಂದಾಗ ಡಬ್ಬಿ ಬಿಚ್ಚಿದ್ದು, ವೈಫೈಗೆ ಸೇರಿಸಿದ್ದು ಎಲ್ಲ ತಂಗಿಯೇ. ಸೆಟ್ಟಿಂಗ್ಸ್ ತನಗೂ ಒಮ್ಮೆ ತೋರಿಸು ಎಂದು ಅಕ್ಕ ಕೇಳಿದ್ದಳು.

"ನಿನಗ್ಯಾಕೆ ಈ ತಲೆನೋವು? ನೀನು ಚಿತ್ರ ಬರಿ, ಮಿಕ್ಕಿದ್ದು ನಾನು ನೋಡ್ಕೋತೀನಿ," ಅಂದಿದ್ದಳು ತಂಗಿ. ಇಂಥ ತಂಗಿ ಇರುವುದು ಪುಣ್ಯ ಎಂದುಕೊಂಡಿದ್ದಳು ಅಕ್ಕ.

ಆಮೇಲೆ ಶುರುವಾಯಿತು ಗ್ರಹಚಾರ. ಅಕ್ಕ ಕಳಿಸಿದ ಮಳೆಕೋಟಿನ ವಿನ್ಯಾಸ ವಾಪಸ್ ಬಂತು. ಇಂಥದ್ದೇ ಒಂದು, ವಿನ್ಯಾಸ ತಂದು ಮಾರುವ ಏಜೆಂಟರ ಕಡೆಯಿಂದ ಆಗಲೇ ಬಂದಿದೆ ಎಂದರು ಕಂಪನಿಯ ಮೇಡಂ. ಕಾಕತಾಳೀಯ ಇರಬಹುದು ಎಂದು ಅಕ್ಕ ಸುಮ್ಮನಾದಳು. ಮುಂದಿನ ಫ್ರಾಕಿಗೂ ಅದೇ ಮಾತು. ಅದರ ಮುಂದಿನದಕ್ಕೆ ಮೇಡಂ, ಸ್ವಂತದ್ದೇನಾದರೂ ಇದ್ದರೆ ಕಳಿಸಿ ಎಂದು ಒಂದೇ ಸಾಲು ಬರೆದರು.

ಆ ಸಾಲು ಅಕ್ಕನ ಜೀವ ಹಿಂಡಿತು. ಎಲ್ಲೋ ಅಂಗಡಿಯಲ್ಲಿ ಕಂಡದ್ದು ತಲೆಯಲ್ಲಿ ಕೂತು ತನ್ನದೇ ಎಂಬಂತೆ ಕೈಗೆ ಬರುತ್ತಿದೆಯೇನೋ ಎಂಬ ಭಯ ಹತ್ತಿತು. ಪೆನ್ಸಿಲ್ ಹಿಡಿದರೆ ಪ್ರತಿ ಗೆರೆಯ ಮೇಲೂ ಅನುಮಾನ. ಬಟ್ಟೆ ಅಂಗಡಿಗಳ ಮುಂದೆ ಹೋಗುವಾಗ ತಲೆ ತಗ್ಗಿಸಿ ನಡೆಯತೊಡಗಿದಳು. ಒಂದು ಸಂಜೆ ತಂಗಿಯ ಅಡುಗೆಮನೆಯಲ್ಲಿ ಕೂತು ಅತ್ತೇಬಿಟ್ಟಳು. ತಂಗಿ ಟೀ ಮಾಡಿ ಕೊಟ್ಟಳು, ಬೆನ್ನು ಸವರಿದಳು, ವಯಸ್ಸಾಗುತ್ತಾ ಎಲ್ಲರಿಗೂ ಹೀಗೇ ಆಗುತ್ತದೆ, ಸ್ವಲ್ಪ ದಿನ ಕೆಲಸ ಬಿಟ್ಟು ಹಾಯಾಗಿರು ಎಂದು ಸಮಾಧಾನ ಹೇಳಿದಳು.

ಹೀಗಿರುವಾಗ ಒಂದು ಮಧ್ಯಾಹ್ನ ಯಾರೂ ಮುಟ್ಟದೆಯೇ ಪ್ರಿಂಟರ್ ಗುರುಗುಟ್ಟಿ ಒಂದು ಹಾಳೆ ಉಗುಳಿತು. 'ನಮ್ಮ ಮನೆಯ ಬೆಕ್ಕು' ಎಂಬ ಪ್ರಬಂಧ, ಕೆಳಗೆ ಬೆಕ್ಕೋ ಕುಂಬಳಕಾಯಿಯೋ ತಿಳಿಯದ ಒಂದು ಚಿತ್ರ. ಅಕ್ಕ ಬಹಳ ದಿನಗಳ ಮೇಲೆ ನಕ್ಕಳು. ಅಷ್ಟರಲ್ಲಿ ಎದುರುಮನೆಯಾತ ಸಂಕೋಚದಿಂದ ಬಾಗಿಲು ತಟ್ಟಿದ. ಮಗಳ ಪ್ರಬಂಧ ಕಳಿಸುವಾಗ ತನ್ನ ಪ್ರಿಂಟರ್ ಬದಲು ಇಲ್ಲಿಯದನ್ನು ಒತ್ತಿಬಿಟ್ಟನಂತೆ.

"ನಿಮ್ಮ ಪ್ರಿಂಟರ್ ಬೀದಿಗೆಲ್ಲ ಕಾಣ್ತಿದೆ ನೋಡಿ. ಪಾಸ್‌ವರ್ಡೂ ಕೇಳಲ್ಲ," ಎಂದು ಹೇಳಿ ಹಾಳೆ ಇಸಿದುಕೊಂಡು ಹೋದ.

ಅಕ್ಕ ಪ್ರಿಂಟರಿನವರ ಸಹಾಯವಾಣಿಗೆ ಫೋನ್ ಮಾಡಿದಳು. ಆ ಕಡೆಯ ಹುಡುಗಿ ತಾಳ್ಮೆಯವಳು. ಮನೆಯ ವೈಫೈಗೆ ಪಾಸ್‌ವರ್ಡ್ ಇದ್ದರೆ ಸಾಲದು ಎಂದಳು. ಪ್ರಿಂಟರ್ ತನ್ನದೇ ಒಂದು ಪುಟ್ಟ ಸಿಗ್ನಲ್ ಕೂಡ ಬಿಡುತ್ತದೆ, ವೈಫೈ ಇಲ್ಲದಿದ್ದರೂ ಹತ್ತಿರದ ಫೋನು ಅದಕ್ಕೆ ನೇರವಾಗಿ ಸೇರಬಹುದು, ಅದಕ್ಕೆ ಬೇರೆಯೇ ಪಾಸ್‌ವರ್ಡ್ ಇರುತ್ತದೆ. ಅಕ್ಕ ಕನ್ನಡಕ ಏರಿಸಿ, ಹುಡುಗಿ ಹೇಳಿದ ಕಡೆಯೆಲ್ಲ ಒತ್ತುತ್ತಾ ಹೋದಳು. ನೇರ ಸಂಪರ್ಕ ಚಾಲೂ ಇತ್ತು. ಪಾಸ್‌ವರ್ಡಿನ ಜಾಗ ಖಾಲಿ. ಸ್ಕ್ಯಾನ್ ಮಾಡಿದ್ದೆಲ್ಲ ಯಂತ್ರದ ನೆನಪಿನಲ್ಲಿ ಉಳಿಯುತ್ತಿತ್ತು, ಸಂಪರ್ಕಕ್ಕೆ ಬಂದವರು ಅದನ್ನು ತೆಗೆದುಕೊಳ್ಳಬಹುದಾಗಿತ್ತು.

ಅಂಗಡಿಯಿಂದ ಬರುವಾಗಲೇ ಹೀಗಿರುತ್ತದೆಯೇ ಎಂದು ಅಕ್ಕ ಕೇಳಿದಳು.

"ಇಲ್ಲ ಮೇಡಂ. ನಾವು ಪಾಸ್‌ವರ್ಡ್ ಹಾಕೇ ಕಳಿಸೋದು. ಸ್ಕ್ಯಾನ್ ಉಳಿಸೋದೂ ಆಫ್ ಇರತ್ತೆ. ಸೆಟಪ್ ಮಾಡಿದವರು ಬದಲಾಯಿಸಿರ್ಬೇಕು."

ಅಕ್ಕನಿಗೆ ಒಂದು ಅನುಮಾನ ಸುಳಿಯಿತು, ಆದರೆ ಅವಳು ಅದನ್ನು ಅಲ್ಲೇ ಅದುಮಿದಳು. ಪಾಪ, ಅಕ್ಕನಿಗೆ ಸುಲಭವಾಗಲಿ ಎಂದು ತಂಗಿ ತೆಗೆದಿರುತ್ತಾಳೆ. ಹುಡುಗಿ ಹೇಳಿದಂತೆ ನೇರ ಸಂಪರ್ಕ ಮುಚ್ಚಿದಳು, ನೆನಪು ಅಳಿಸಿದಳು, ಸೆಟ್ಟಿಂಗ್ಸಿಗೇ ಒಂದು ಹೊಸ ಪಾಸ್‌ವರ್ಡ್ ಹಾಕಿದಳು. ಮುಗಿದಾಗ ದೊಡ್ಡ ಬೆಟ್ಟ ಹತ್ತಿ ಇಳಿದಷ್ಟು ಹೆಮ್ಮೆ. ತಂಗಿಗೆ ಹೇಳಿ ಶಹಬಾಸ್ ಅನ್ನಿಸಿಕೊಳ್ಳೋಣ ಎಂದು ಕೆಳಗೆ ಹೋದರೆ ಮನೆಗೆ ಬೀಗ. ಆಮೇಲೆ ಮರೆತೇಬಿಟ್ಟಳು. ಹೊಸ ಉತ್ಸಾಹದಲ್ಲಿ ಒಂದು ಕೋಟು ಬರೆಯುವುದರಲ್ಲಿ ಮುಳುಗಿದಳು, ಸ್ಕ್ಯಾನ್ ಮಾಡಿ ತಿದ್ದುತ್ತಾ ಕೂತಳು.

ಆ ವಾರದ ಕೊನೆಯಲ್ಲಿ ತಂಗಿ ಮೇಲೆ ಬಂದಳು. ಅದೂ ಇದೂ ಮಾತಾಡಿದಳು, ಕಿಟಕಿಯ ಪರದೆ ಸರಿ ಮಾಡಿದಳು, ಹೊರಡಲು ಎದ್ದವಳು ನಿಂತು ಕೇಳಿದಳು.

"ನಿನ್ನ ಪ್ರಿಂಟರ್ ಕೆಟ್ಟಿದೆಯಾ ಅಕ್ಕ?"

"ಇಲ್ವಲ್ಲ. ಬೆಳಿಗ್ಗೆ ತಾನೇ ಪ್ರಿಂಟ್ ತೆಗೆದೆ. ಯಾಕೆ?"

"ಏನಿಲ್ಲ, ಸುಮ್ನೆ ಕೇಳಿದೆ."

ತಂಗಿಯ ಮನೆಗೆ ಬೇರೆಯದೇ ವೈಫೈ ಇತ್ತು. ಈ ಪ್ರಿಂಟರನ್ನು ಅವಳು ಬಳಸುತ್ತೇನೆ ಎಂದು ಒಂದು ದಿನವೂ ಹೇಳಿರಲಿಲ್ಲ. ಅಕ್ಕನ ಕೈಯ ಪೆನ್ಸಿಲ್ ನಿಂತಿತು.

"ಕೆಟ್ಟಿದೆ ಅಂತ ನಿನಗೆ ಕೆಳಗೆ ಕೂತು ಯಾಕೆ ಅನ್ನಿಸ್ತು?"

ತಂಗಿ ನಾಲಿಗೆ ಕಚ್ಚಿಕೊಂಡಳು. ನೆಟ್‌ವರ್ಕ್ ಅದು ಇದು ಎಂದು ತಡವರಿಸಿದಳು. ಅಕ್ಕ ಮುಖ ನೋಡುತ್ತಲೇ ಕೂತಳು. ಕೊನೆಗೆ ತಂಗಿ ಕುರ್ಚಿಯ ಅಂಚಿನಲ್ಲಿ ಕುಸಿದಳು.

ಮಾತು ತುಂಡುತುಂಡಾಗಿ ಹೊರಬಂತು. ಅಕ್ಕ ಹತ್ತು ಬರೆದರೆ ಒಂಬತ್ತನ್ನು ಮೂಲೆಗೆ ಎಸೆಯುತ್ತಾಳಲ್ಲ, ಆ ಮೂಲೆಯದ್ದನ್ನು ಪ್ರಿಂಟರಿನಿಂದ ತನ್ನ ಫೋನಿಗೆ ತೆಗೆದುಕೊಂಡರೆ ಏನು ಮಹಾ ಎಂದು ಶುರುವಾದದ್ದಂತೆ. ತನ್ನದೆಂದು ತೋರಿಸಿದಾಗ ಏಜೆಂಟರು ಮೆಚ್ಚಿಕೊಂಡು ನಿಮ್ಮ ಕೈಯಲ್ಲಿ ಕಲೆ ಇದೆ ಎಂದರಂತೆ. ಹುಟ್ಟಿದಾಗಿನಿಂದ ಅವಳಿಗೆ ಆ ಮಾತು ಹೇಳಿದವರೇ ಇರಲಿಲ್ಲ. ಅವರು ಇನ್ನಷ್ಟು ಕೇಳಿದರು. ಮೂಲೆಯದ್ದು ಯಾವುದು, ಅಕ್ಕ ಇಟ್ಟುಕೊಂಡದ್ದು ಯಾವುದು ಎಂದು ಆಮೇಲೆ ನೋಡಲೇ ಇಲ್ಲ.

"ತಗೊಂಡಿದ್ದು ಹೋಗಲಿ," ಎಂದಳು ಅಕ್ಕ. "ಕೇಳಿದ್ರೆ ಕೊಡ್ತಿದ್ದೆ. ನನ್ನ ತಲೆ ಬತ್ತಿಹೋಯ್ತು ಅಂತ ನಿನ್ನ ಅಡುಗೆಮನೆಯಲ್ಲಿ ಅತ್ತೆನಲ್ಲ. ಆಗ ನೀನು ನನ್ನ ಬೆನ್ನು ಸವರ್ತಾ ಇದ್ದೆ. ವಯಸ್ಸಾಯ್ತು ಅಂದೆ."

ತಂಗಿ ಬಿಕ್ಕಿದಳು. ಅಕ್ಕನಿಗೆ ಅಳು ಬರಲಿಲ್ಲ. ಕಂಪನಿಗೆ ನೀನೇ ಹೇಳಬೇಕು ಎಂದಷ್ಟೇ ಹೇಳಿ ಬಾಗಿಲು ತೆರೆದು ನಿಂತಳು.

ತಂಗಿ ಹೇಳಲಿಲ್ಲ. ಕಾದು ಕಾದು ಅಕ್ಕನೇ ತನ್ನ ಕಚ್ಚಾ ಚಿತ್ರಗಳನ್ನು ಚೀಲಕ್ಕೆ ತುಂಬಿಕೊಂಡು ಕಂಪನಿಯ ಮೇಡಂ ಮುಂದೆ ಹೋಗಿ ಕೂತಳು. ತಂಗಿಯ ಹೆಸರು ಹೇಳುವುದೆಂದರೆ ಹೊರಗಿನವರ ಮುಂದೆ ಮನೆಯ ಮಾನ ಹರಾಜಿಗಿಟ್ಟಂತೆ. ಆದರೂ ಹೇಳಿದಳು. ಮೇಡಂ ಒಂದೊಂದೇ ಹಾಳೆ ತಿರುವಿ, ಅಳಿಸಿ ತಿದ್ದಿದ ಗೆರೆಗಳ ಮೇಲೆ ಬೆರಳಾಡಿಸಿ, ಕ್ಷಮಿಸಿ ಎಂದರು. ಏಜೆಂಟರ ಆರ್ಡರ್ ನಿಂತಿತು. ಹೊಸ ಕೋಟಿನ ವಿನ್ಯಾಸ ಒಪ್ಪಿಗೆಯಾಯಿತು. ಮನೆಗೆ ಬಂದ ಅಕ್ಕನಿಗೆ ಖುಷಿಯ ಸುದ್ದಿ ಯಾರಿಗೆ ಹೇಳುವುದು ಎಂದೇ ತೋಚಲಿಲ್ಲ. ಇಷ್ಟು ವರ್ಷ ಮೊದಲು ಹೇಳುತ್ತಿದ್ದದ್ದು ಕೆಳಗಿನವಳಿಗೇ.

ಬೇಸಿಗೆ ಬರುವ ಹೊತ್ತಿಗೆ ತಂಗಿಯ ಮಗಳಿಗೆ ಪರೀಕ್ಷೆ. ಹಾಲ್ ಟಿಕೆಟ್ ಪ್ರಿಂಟ್ ಬೇಕು, ಪಾಸ್‌ವರ್ಡ್ ಕೊಡುತ್ತೀಯಾ ಎಂದು ತಂಗಿ ಮೆಟ್ಟಿಲ ಕೆಳಗಿನಿಂದಲೇ ಕೇಳಿದಳು. ಕೇಳುವಾಗ ತಲೆ ಎತ್ತಲಿಲ್ಲ.

"ನನ್ನ ಫೋನಿಗೆ ಕಳಿಸು, ತೆಗೆದುಕೊಡ್ತೀನಿ," ಎಂದಳು ಅಕ್ಕ.

ತೆಗೆದಳು. ಒಂದು ಸಾಲದೇ ಹೋದೀತೆಂದು ಎರಡು ಪ್ರತಿ ತೆಗೆದು, ಮಡಚದಂತೆ ಪ್ಲಾಸ್ಟಿಕ್ ಕವರಿಗೆ ಹಾಕಿದಳು. ಅರ್ಧ ಮೆಟ್ಟಿಲು ಇಳಿದು ಬಂದು ತಂಗಿಯ ಕೈಗಿಟ್ಟು, ಮಗಳಿಗೆ ಚೆನ್ನಾಗಿ ಬರೆಯಲು ಹೇಳು ಎಂದು ಮೇಲೆ ಹತ್ತಿದಳು.