ಎಡಕ್ಕೆ ಮುರಿದ ಮುದ್ದೆ

ನನ್ನ ಗಂಡ ನಾಗೇಂದ್ರ ಬ್ಲಾಗ್ ಶುರು ಮಾಡಿದಾಗ ನಮ್ಮೂರು ಹೆಮ್ಮರಗಾಲದಲ್ಲಿ ಹೆಮ್ಮೆಪಡದೆ ಇದ್ದವಳು ನಾನೊಬ್ಬಳೇ. ಮದುವೆಯಾದ ನಾಲ್ಕು ವರ್ಷಗಳಲ್ಲಿ ಆ ಮನುಷ್ಯ ನನಗೆ ಕಳಿಸಿದ ಅತಿ ಉದ್ದದ ಮೆಸೇಜು "ಊಟ ಆಯ್ತಾ, ಸರಿ" ಎಂಬುದು. ಅಂಥ ಮೌನಿ ಗಡಿಯಲ್ಲಿ ಕಾವಲು ನಿಂತುಕೊಂಡು, ಸೈನ್ಯ ಬಿಟ್ಟ ಮೇಲೆ ಬದುಕುವುದು ಹೇಗೆ ಎಂದು ಪುಟಗಟ್ಟಲೆ ಬರೆಯುತ್ತಾನೆಂದರೆ ಯಾವ ಹೆಂಡತಿಗೆ ಅನುಮಾನ ಬರುವುದಿಲ್ಲ? ಬ್ಲಾಗಿಗೆ ಹೆಸರು ಬೇರೆ ಇಟ್ಟಿದ್ದ, 'ಬಂದೂಕು ಇಳಿಸಿದ ಮೇಲೆ' ಅಂತ.

"ಓದು ಕವನ. ಬಾಯಲ್ಲಿ ಏಳಕ್ಕಾಗದ್ದನ್ನ ಅದ್ರಲ್ಲಿ ಬರೀತೀನಿ" ಎಂದು ಫೋನಿನಲ್ಲಿ ಹೇಳಿದ್ದ.

ಬಾಯಲ್ಲಿ ಹೇಳಲಾಗದ್ದು ಎಂದರೆ ಏನಿರಬಹುದು ಎಂದು ನಾನು ಅವತ್ತೇ ಕಿವಿ ನೆಟ್ಟಗೆ ಮಾಡಿದೆ.

ಮೊದಮೊದಲು ಬರೆದದ್ದರಲ್ಲಿ ತಪ್ಪು ಹುಡುಕಲು ಏನೂ ಸಿಗಲಿಲ್ಲ. ನಂಜನಗೂಡಿನಲ್ಲಿ ಬೈಕ್ ರಿಪೇರಿ ಅಂಗಡಿ ಇಡುತ್ತಾನಂತೆ. ಹಿತ್ತಲಲ್ಲಿ ನಾಲ್ಕು ರಸಬಾಳೆ ಕಂದು ನೆಡುತ್ತಾನಂತೆ. ನನ್ನ ಹೊಲಿಗೆ ಮೆಷಿನ್ನಿಗೆ ಮೋಟರ್ ಹಾಕಿಸುತ್ತಾನಂತೆ. ಈ ಕೊನೆಯದನ್ನು ನಾನು ರವಿಕೆ ಹೊಲಿಸಲು ಬಂದ ಹೆಂಗಸರಿಗೆಲ್ಲ ಓದಿ ಹೇಳಿದೆ. ಅವನ ಎಡಗೈ ಬೆರಳ ಗಂಟಿನ ಮೇಲೆ ಒಂದು ಸುಟ್ಟ ಕಲೆಯಿದೆ, ಬೈಕಿನ ಸೈಲೆನ್ಸರ್ ತಗುಲಿದ್ದು ಎಂದಿದ್ದ. ಸೈಲೆನ್ಸರಿಗೆ ಕೈಯಿಡುವವನು ಅಂಗಡಿ ಇಟ್ಟರೆ ಗಿರಾಕಿಗಳ ಗತಿ ಏನು ಎಂದು ನಾವು ನಕ್ಕದ್ದೂ ಉಂಟು.

ಆಮೇಲೆ ಗಡಿಯಲ್ಲಿ ಗುಂಡಿನ ಚಕಮಕಿ ನಡೆಯಿತು ಎಂದು ಟಿವಿಯಲ್ಲಿ ಬಂತು. ತಿಂಗಳ ಮೇಲೆ ಬ್ಲಾಗೂ ಇಲ್ಲ, ಫೋನೂ ಇಲ್ಲ. ನನ್ನ ಜೀವ ಬಾಯಿಗೆ ಬಂದಿತ್ತು. ಕೊನೆಗೊಂದು ದಿನ ಫೋನ್ ಬಂತು. "ಸಿಗ್ನಲ್ ಇರ್ನಿಲ್ಲ ಕಣೆ, ಚೆನ್ನಾಗಿದೀನಿ" ಎಂದ. ವಿಡಿಯೋದಲ್ಲಿ ಮುಖ ಮಾತ್ರ ಕಂಡಿತು, ಬಡವಾಗಿತ್ತು. ಅವತ್ತು ನಾನು ಏನನ್ನೂ ಅನುಮಾನಿಸಲಿಲ್ಲ. ಬದುಕಿದ್ದಾನಲ್ಲ, ಅಷ್ಟೇ ಸಾಕು ಅನ್ನಿಸಿತ್ತು.

ಬ್ಲಾಗ್ ಮತ್ತೆ ಶುರುವಾಯಿತು ನೋಡಿ, ಅದರ ಧಾಟಿಯೇ ಬದಲಾಗಿತ್ತು. ಬೈಕ್ ಅಂಗಡಿ ಆಗಲಿಕ್ಕಿಲ್ಲ ಎಂದು ಬರೆದ. ಯಾಕೆ ಎಂದು ಬರೆಯಲಿಲ್ಲ. "ಇವತ್ತು ಟೀ ಮಾಡುವುದನ್ನು ಹೊಸದಾಗಿ ಕಲಿತೆ. ನಂದಿತಾ ಪಕ್ಕದಲ್ಲೇ ನಿಂತಿದ್ದರು" ಎಂದು ಬರೆದ. ಮರುವಾರ, "ಹೊಸ ಬದುಕನ್ನು ಮೊದಲಿಂದ ಕಲಿಯಬೇಕು ಎಂದು ನಂದಿತಾ ಹೇಳುತ್ತಾರೆ." ಹೊಸ ಬದುಕು! ಹಳೆಯದರ ಬಾಬ್ತು ನಾನಿಲ್ಲಿ ಕಾಲಲ್ಲಿ ಮೆಷಿನ್ ತುಳಿಯುತ್ತಿದ್ದೆ. ಟೀ ಲೋಟದ ಫೋಟೊದಲ್ಲಿ ಹಿಂದೆ ಬಿಳಿ ಟೈಲ್ಸ್ ಗೋಡೆ. ಗಡಿಯ ಬಂಕರಿನಲ್ಲಿ ಟೈಲ್ಸ್ ಹಾಕಿಸಿದವರು ಯಾರು?

ಮನೆಯಲ್ಲೂ ಏನೋ ನಡೆಯುತ್ತಿತ್ತು. ನನ್ನತ್ತೆ ಪಾಪಮ್ಮ ಫೋನ್ ಬಂದರೆ ಸಾಕು, ಕೊಟ್ಟಿಗೆಯ ಹಿಂದಕ್ಕೆ ಹೋಗುತ್ತಿದ್ದರು. ನಾನು ಹತ್ತಿರ ಹೋದರೆ, "ಊ ಮಗ, ಮಡಗ್ತೀನಿ" ಎಂದು ಫೋನ್ ಇಟ್ಟುಬಿಡುತ್ತಿದ್ದರು. ಒಂದು ಬೆಳಿಗ್ಗೆ ನಾಗೇಂದ್ರನ ಶರಟುಗಳನ್ನೆಲ್ಲ ತಂದು ನನ್ನ ಮೆಷಿನ್ನಿನ ಮೇಲೆ ಹಾಕಿದರು.

"ಇವುಕ್ಕೆ ಗುಂಡಿ ಕಿತ್ತಾಕಿ ಒತ್ತೋ ಟಿಚ್ ಬಟನ್ ಆಕ್ಕೊಡವ್ವ."

"ಯಾಕತ್ತೆ? ಗುಂಡಿ ಚೆಂದಾಗೇ ಅವಲ್ಲ."

"ಈಗ ಅದೇ ಪ್ಯಾಸನ್ನಂತೆ. ಆಕ್ಕೊಡು."

ಅತ್ತೆಗೆ ಫ್ಯಾಷನ್ ಕಲಿಸಿದವರು ಯಾರು ಎಂದು ನಾನು ಕೇಳಲಿಲ್ಲ. ಶರಟುಗಳನ್ನು ಸುತ್ತಿ ಮೂಲೆಗೆ ಇಟ್ಟೆ. ಯಾರಿಗೋ ಇಷ್ಟವಾಗುವ ಹಾಗೆ ನನ್ನ ಗಂಡನ ಅಂಗಿ ನಾನೇ ಸಿಂಗರಿಸಬೇಕೇ?

ಆ ವಾರವೇ ಬಂತು ತಟ್ಟೆಯ ಫೋಟೊ. "ತುಂಬಾ ದಿನದ ಮೇಲೆ ಮುದ್ದೆ. ನಂದಿತಾ ಎಲ್ಲಿಂದಲೋ ರಾಗಿಹಿಟ್ಟು ತರಿಸಿದ್ದರು. ಕಷ್ಟಪಟ್ಟು ಉಂಡೆ, ಆದರೆ ಉಂಡೆ" ಎಂದು ಕೆಳಗೆ ಬರೆದಿದ್ದ. ನಾನು ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ನನ್ನ ಗಂಡ ಮುದ್ದೆ ಮುರಿಯುವುದು ನನಗೆ ಗೊತ್ತಿಲ್ಲವೇ? ಎಲ್ಲರ ಹಾಗೆ ಬಲಗಡೆಯಿಂದ. ಈ ಮುದ್ದೆ ಎಡಗಡೆಯಿಂದ ಮುರಿದಿತ್ತು. ಸಾರಿನ ಬಟ್ಟಲೂ ಎಡಕ್ಕಿತ್ತು. ತಟ್ಟೆಯ ಈಚೆ ಕೂತು ಫೋಟೊ ತೆಗೆದವನು ಅವನು. ಎಡಕ್ಕೆ ಮುರಿಯಬೇಕಾದರೆ ಎದುರಿಗೆ ಒಬ್ಬರು ಕೂತಿರಬೇಕು. ಎದುರಿನವರ ಬಲಗೈ ಇವನಿಗೆ ಎಡಕ್ಕಲ್ಲವೇ? ಅಂದರೆ ಒಂದೇ ತಟ್ಟೆಯಲ್ಲಿ ಇಬ್ಬರು. ಮದುವೆಯ ದಿನ ನೆಂಟರ ಬಲವಂತಕ್ಕೆ ನನ್ನ ಜೊತೆ ಒಂದೆಲೆಯಲ್ಲಿ ಎರಡು ತುತ್ತು ಉಂಡು ಎದ್ದವನು ಇವನು!

ನೇರ ಅಡುಗೆಮನೆಗೆ ಹೋಗಿ ಕೇಳಿದೆ. "ನಂದಿತಾ ಅಂದ್ರೆ ಯಾರತ್ತೆ?"

ಅತ್ತೆ ಸೆರಗು ಬಾಯಿಗೊತ್ತಿಕೊಂಡು ಹಿತ್ತಲಿಗೆ ಹೋಗಿಬಿಟ್ಟರು. ನನಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ತಾಯಿ ಮಗ ಸೇರಿ ನನ್ನ ಬಾಳಿಗೆ ಮಣ್ಣು ಹಾಕುತ್ತಿದ್ದಾರೆ ಎಂದುಕೊಂಡು, ಬ್ಯಾಗಿಗೆ ನಾಲ್ಕು ಸೀರೆ ತುಂಬಿ ಬಸ್ ಹತ್ತಿದೆ. ಇನ್ನು ಈ ಮನೆಗೆ ಕಾಲಿಡುವುದಿಲ್ಲ ಎಂದು ನಂಜನಗೂಡು ದಾಟುವ ಮುಂಚೆಯೇ ತೀರ್ಮಾನ ಮಾಡಿದ್ದೆ.

ತಿ. ನರಸೀಪುರದಲ್ಲಿ ನನ್ನವ್ವ ದೇವೀರಮ್ಮ ಬ್ಯಾಗು ನೋಡಿದಳು, ಮುಖ ನೋಡಿದಳು. ಮುದ್ದೆ, ಉಪ್ಪೆಸರು ಬಡಿಸಿದಳು. ನನಗೆ ಊಟದ ಮೇಲೆ ಎಲ್ಲಿ ಗಮನ? ಬಲಗೈಯಲ್ಲಿ ಫೋನ್ ಹಿಡಿದು ಬ್ಲಾಗನ್ನು ಮೊದಲಿಂದ ಓದುತ್ತಿದ್ದೆ. ಆ ನಂದಿತಾ ಯಾವ ದಿನ ನುಸುಳಿದಳು, ಅದಕ್ಕೂ ಮುಂಚೆ ಎಲ್ಲಾದರೂ ಇಣುಕಿದ್ದಾಳಾ ಎಂದು ಹುಡುಕುತ್ತಿದ್ದೆ. ಇದ್ದಕ್ಕಿದ್ದಂತೆ ಅವ್ವ ನನ್ನ ಎಡಗೈಗೆ ಒಂದು ಬಾರಿಸಿದಳು.

"ನಿನ್ ಬುದ್ಧಿಗಿಷ್ಟು! ಎಡಗೈಲಿ ಉಣ್ತಾರೇನೆ? ಸಾವಿನ್ ಮನೇಲೂ ಇಂಗೆ ಮಾಡಕಿಲ್ಲ."

ತಟ್ಟೆ ನೋಡಿದೆ. ಗೊತ್ತಿಲ್ಲದೆಯೇ ಎಡಗೈ ಹಾಕಿದ್ದೆ. ಮುದ್ದೆ ಎಡಗಡೆಯಿಂದ ಮುರಿದಿತ್ತು.

ಎದುರಿಗೆ ಯಾರೂ ಇರಲಿಲ್ಲ.

ಟೀ ಮಾಡುವುದನ್ನು ಹೊಸದಾಗಿ ಯಾಕೆ ಕಲಿಯಬೇಕು? ಬೈಕ್ ಅಂಗಡಿ ಯಾಕೆ ಬೇಡವಾಯಿತು? ಗುಂಡಿ ಯಾಕೆ ಕೀಳಿಸಬೇಕು? ಎದ್ದು ಕೈ ತೊಳೆದು ಫೋನ್ ಮಾಡಿದೆ. ಎಂದಿನ ಹಾಗೆ ಮುಖ ಮಾತ್ರ ಕಂಡಿತು.

"ರೀ, ಬಲಗೈ ತೋರ್ಸಿ."

"ಯಾಕೆ ಕವನ?"

"ತೋರ್ಸಿ ಅಂದೆ."

ಆಮೇಲೆ ಫೋನನ್ನು ಯಾವುದಕ್ಕೋ ಒರಗಿಸಿ ಹಿಂದಕ್ಕೆ ಸರಿದ. ದರ್ಜಿಯ ಕಣ್ಣು ನನ್ನದು, ಮೊದಲು ಕಂಡದ್ದು ಪಿನ್ನು. ಅಂಗಿಯ ಬಲತೋಳನ್ನು ಮೊಣಕೈಗೆ ಮಡಚಿ ಓರೆಯಾಗಿ ಪಿನ್ನು ಚುಚ್ಚಿದ್ದರು. ಅದರ ಕೆಳಗೆ ಏನೂ ಇರಲಿಲ್ಲ.

"ಬರ್ದಿದ್ನಲ್ಲ ಕವನ" ಎಂದ. "ಒಂದೇ ಸಲ ಏಳಕ್ಕೆ ಧೈರ್ಯ ಬರ್ನಿಲ್ಲ. ಒಂದೊಂದಾಗಿ ಬರೀತಿದ್ದೆ. ಆಸ್ಪತ್ರೆ ಗೋಡೆ ಫೋಟೊ ಆಕ್ದೆ, ತಟ್ಟೆ ಆಕ್ದೆ. ನಿಂಗೆ ತಿಳೀತದೆ ಅನ್ಕೊಂಡಿದ್ದೆ."

ನಾನು ಗೋಳೋ ಎಂದು ಅತ್ತೆ. ಅಕ್ಷರ ಅಕ್ಷರ ಸೋಸಿ ಓದಿದ್ದೆ, ಹೇಳಿದ್ದೊಂದೂ ನನಗೆ ಕೇಳಿಸಿರಲಿಲ್ಲ. ಅಳುತ್ತಲೇ ಮೂಗು ಒರೆಸಿಕೊಂಡು ಕೇಳಿದೆ. "ನಂದಿತಾ ಯಾರು?"

"ಕೈ ಕಳ್ಕೊಂಡೋರ್ಗೆ ಕೆಲ್ಸ ಕಲ್ಸೋ ಮೇಡಮ್ಮು ಕಣೆ. ಅವ್ರಿಗೆ ಮೊಮ್ಮಕ್ಕಳವೆ."

"ಫೋಟೊ ಕಳ್ಸಿ."

ಕಳಿಸಿದ. ತಲೆ ಪೂರ್ತಿ ನರೆತಿತ್ತು. ಅವರ ಕ್ಷಮೆಯನ್ನು ನಾನು ಮನಸ್ಸಿನಲ್ಲೇ ಕೇಳಿಕೊಂಡೆ.

ಸಂಜೆಯ ಬಸ್ಸಿಗೇ ವಾಪಸು ಬಂದೆ. ಅತ್ತೆ ಜಗುಲಿಯ ಮೇಲೆ ಕೂತಿದ್ದರು.

"ನಿಮ್ಗೆ ಗೊತ್ತಿತ್ತು" ಎಂದೆ. ಸಿಟ್ಟು ಇನ್ನೂ ಆರಿರಲಿಲ್ಲ.

"ಆಣೆ ಆಕಿಸ್ಕೊಂಡಿದ್ದ ಕಣವ್ವ. ನಿನ್ ಸೊಸೆಗೆ ನಾನೇ ಏಳ್ತೀನಿ, ನೀ ಬಾಯ್ ಬುಡಬ್ಯಾಡ ಅಂದಿದ್ದ." ಅತ್ತೆ ತಮ್ಮ ಕೈಯನ್ನೇ ನೋಡಿಕೊಂಡು ಹೇಳಿದರು. "ಅವ್ನು ಉಟ್ಟಾ ಎಡಚ. ತಟ್ಟೆಗೆ ಎಡಗೈ ಇಕ್ದಾಗೆಲ್ಲ ಸೌಟಲ್ಲಿ ಬಾರುಸ್ತಿದ್ದೆ. ಒಂದ್ಸಲ ಸೌಟು ಬಿಸಿಯಾಗಿತ್ತು, ನಾನು ನೋಡ್ನಿಲ್ಲ. ಆ ಕಲೆ ಇನ್ನೂ ಅದೆ. ಈಗ ನೋಡವ್ವ, ನಾನು ಕಲ್ಸಿದ ಕೈ ಓಯ್ತು, ಒಡ್ದಿದ್ದ ಕೈ ಉಳೀತು."

ಸೈಲೆನ್ಸರ್ ಎಂದಿದ್ದನಲ್ಲ, ಆ ಕಲೆ. ತಾಯಿಯ ಹೆಸರು ಹೇಳದೆ ಇಷ್ಟು ವರ್ಷ ಕಳೆದಿದ್ದ. ನಾನು ಮೂಲೆಯ ಶರಟುಗಳನ್ನು ಬಿಚ್ಚಿ ಮೆಷಿನ್ ಮುಂದೆ ಕೂತೆ. ಅತ್ತೆ ಪಕ್ಕದಲ್ಲಿ ಕೂತು ಒಂದೊಂದೇ ಗುಂಡಿ ಬಿಡಿಸಿಕೊಟ್ಟರು.

ಯುಗಾದಿಗೆ ಮುಂಚೆ ಅವನು ಮನೆಗೆ ಬಂದ. ನೋಡಲು ಬಂದವರೆಲ್ಲ ಕೊರಳಿಗೆ ಹಾರ ಹಾಕಿ, ಖಾಲಿ ತೋಳಿನ ಕಡೆ ಕಳ್ಳನೋಟ ಬೀರಿ ಹೋದರು. ಮಧ್ಯಾಹ್ನ ನಾವು ಮೂವರೇ ಉಳಿದೆವು. ಅತ್ತೆ ತಟ್ಟೆಗಳಿಗೆ ಮುದ್ದೆ ಹಾಕಿದರು. ಅವನ ಸಾರಿನ ಬಟ್ಟಲನ್ನು ಮಾತ್ರ ಎಡಕ್ಕಿಟ್ಟರು. ಅವನು ಎಡಗೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತಿದ್ದ.

"ನೀವುಣ್ಣಿ. ನಾನು ಆಮೇಲೆ ಉಣ್ತೀನಿ" ಎಂದ.

ಅಲ್ಲಿ, ಆ ಆಸ್ಪತ್ರೆಯಲ್ಲಿ, ಊರವರಿಗೆಲ್ಲ ಕಾಣುವ ಹಾಗೆ ಫೋಟೊ ಹಾಕಿದವನು ಇಲ್ಲಿ ತಾಯಿಯೆದುರು ಉಣ್ಣಲು ಹೆದರುತ್ತಿದ್ದ.

ಅತ್ತೆ ಎದ್ದು ಅವನ ಪಕ್ಕಕ್ಕೆ ಬಂದು ಕುಕ್ಕರಗಾಲಲ್ಲಿ ಕೂತರು. ತೊಡೆಯ ಕೆಳಗಿನ ಕೈಯನ್ನು ಹೊರಗೆಳೆದು, ಕಲೆಯ ಮೇಲೆ ಹೆಬ್ಬೆರಳಾಡಿಸಿ, ತಾವೇ ಅದನ್ನು ಮುದ್ದೆಯ ಮೇಲೆ ಇಟ್ಟರು.

"ಉಣ್ಣು ಮಗ" ಎಂದರು. "ನಾ ಒಡಿಯಕಿಲ್ಲ."