ಹದಿನಾಲ್ಕು ಪಾಠ, ಎರಡು ಜಗ್ ನೀರು

ಇಪ್ಪತ್ತು ವರ್ಷದ ಹಿಂದೆ ಪ್ರತಿಮಾ ತನ್ನ ಸೋದರಮಾವ ಈರಭದ್ರಪ್ಪನಿಗೆ ಒಂದು ಮಾತು ಕೊಟ್ಟಿದ್ದಳು.

ಮಾವನದು ಕಡೂರಿನಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ. ಬೋರ್‌ವೆಲ್ಲಿನ ಮೋಟರು ಸುಟ್ಟರೆ ಒಳಗಿನ ಹಳೇ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತುವ ಕೆಲಸ. ಹೆಣ್ಣುಮಗಳಿಗೆ ಯಾಕೆ ಇದು ಅಂತ ಊರೆಲ್ಲ ಅಂದರೂ ಮಾವ ಮೂರು ವರ್ಷ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ. ಅವಳು ಸುತ್ತಿದ ಮೊದಲನೇ ಮೋಟರು ಬೋರಿಗೆ ಇಳಿದ ದಿನ ಅವನಿಗೆ ಮೈ ಸುಡುವ ಜ್ವರ. ಆದರೂ ಕಂಬಳಿ ಹೊದ್ದುಕೊಂಡು ಬಂದು ಸ್ಟಾರ್ಟರ್ ಪಕ್ಕ ನಿಂತ.

"ನಾಳೆ ನೀನೂ ನಾಕು ಜನಕ್ಕೆ ಕಲಿಸ್ತೀಯ ಕಣವ್ವ. ಅವರು ಮೊದಲನೇ ಸಲ ಸ್ವಿಚ್ ಹಾಕುವಾಗ ನೀನು ಪಕ್ಕದಲ್ಲಿರಬೇಕು. ಒಬ್ಬರನ್ನೇ ಬಿಡಬಾರದು. ಮಾತು ಕೊಡು."

"ಕೊಟ್ಟೆ ಮಾವ," ಅಂದಿದ್ದಳು ಪ್ರತಿಮಾ.

ಮಾವ ಈಗಿಲ್ಲ. ಪ್ರತಿಮಾ ಮದುವೆಯಾಗಿ ಅಜ್ಜಂಪುರಕ್ಕೆ ಬಂದು ಅಲ್ಲೇ ಅಂಗಡಿ ಹಾಕಿದಳು. ಗಂಡ ತಿಪ್ಪೇಶ ಬೋರಿನಿಂದ ಮೋಟರು ಎತ್ತುವ, ಇಳಿಸುವ ಗ್ಯಾಂಗಿನ ಮೇಸ್ತ್ರಿ. ಅವಳ ಅಂಗಡಿಯಲ್ಲಿ ಇದುವರೆಗೆ ಆರು ಜನ ಕೆಲಸ ಕಲಿತು ಹೋಗಿದ್ದರು. ಆರೂ ಜನರ ಮೊದಲ ಸ್ವಿಚ್ಚಿಗೆ ಪ್ರತಿಮಾ ಪಕ್ಕದಲ್ಲಿದ್ದಳು.

ಹೋದ ವರ್ಷ ತರೀಕೆರೆಯ ನಯನ ಬಂದಳು. ಅಲ್ಲಿ ಕಂಪ್ಯೂಟರ್ ಸೆಂಟರ್ ನಡೆಸುವವಳು. ಸ್ವಸಹಾಯ ಸಂಘದ ಹೆಂಗಸರಿಗೆ ತರಬೇತಿ ಕೊಡಲು ಬಂದವಳು ಪ್ರತಿಮಾಳ ಕೈಚಳಕ ನೋಡಿ ಹೊಸಿಲಲ್ಲೇ ಕೂತುಬಿಟ್ಟಳು.

"ಅಕ್ಕ, ಇದನ್ನ ವಿಡಿಯೋ ಪಾಠ ಮಾಡಿ ಮಾರಿ. ನಿಮ್ಮದೇ ಆನ್‌ಲೈನ್ ಕೋರ್ಸು."

ಮೊದಲು ನಕ್ಕಿದ್ದು ತಿಪ್ಪೇಶ. "ಎದುರಿಗೆ ಕೂತ ಹುಡುಗರೇ ತಂತಿ ಉಲ್ಟಾ ಸುತ್ತಿ ಕೂರ್ತಾರೆ. ಇನ್ನು ಕಣ್ಣಿಗೆ ಕಾಣದೋರಿಗೆ ಇವಳೆಂಗಮ್ಮ ಕಲಿಸ್ತಾಳೆ?"

"ಮನೆಮಠ ಬಿಟ್ಟು ಬಂದು ಇಲ್ಲಿ ಮೂರು ವರ್ಷ ಕೂರೋಕೆ ಎಷ್ಟು ಜನಕ್ಕೆ ಆಗುತ್ತೆ ಹೇಳಿ ತಿಪ್ಪೇಶಣ್ಣ."

"ಯೂಟ್ಯೂಬಲ್ಲಿ ಬಿಟ್ಟಿ ಸಿಗೋದಕ್ಕೆ ದುಡ್ಡು ಯಾರು ಕೊಡ್ತಾರೆ?"

"ಅಲ್ಲಿ ನೋಡಬಹುದು ಅಷ್ಟೇ. ತಿಳೀದಿದ್ರೆ ಕೇಳೋಕೆ ಒಬ್ಬರು ಇರಲ್ಲ. ಇಲ್ಲಿ ಅಕ್ಕ ಇರ್ತಾರಲ್ಲ, ದುಡ್ಡು ಅದಕ್ಕೆ."

ಆಮೇಲೆ ನಯನ ಪ್ರತಿಮಾಳ ಕಡೆ ತಿರುಗಿದಳು. "ಎರಡು ಮಾತು ನೆನಪಿಡಿ ಅಕ್ಕ. ಕೋರ್ಸಿನ ಅಕೌಂಟು ನಿಮ್ಮ ಹೆಸರಲ್ಲೇ, ನಿಮ್ಮ ನಂಬರಲ್ಲೇ ಇರಲಿ. ಮಾರಿಕೊಡ್ತೀನಿ ಅಂತ ಯಾರಾದ್ರೂ ಬಂದು ಓಟಿಪಿ ಕೇಳಿದ್ರೆ ಕೊಡಬೇಡಿ. ಇನ್ನೊಂದು, ಮಾರೋಕೆ ಮುಂಚೆ ಈ ಕೆಲಸ ಏನೇನೂ ಗೊತ್ತಿಲ್ಲದ ಒಬ್ಬರ ಕೈಗೆ ಫೋನ್ ಕೊಡಿ. ಅವರು ವಿಡಿಯೋ ನೋಡ್ಕೊಂಡು ಮಾಡ್ಲಿ. ನೀವು ಬಾಯಿ ಮುಚ್ಕೊಂಡು ಕೂತಿರಿ. ಎಲ್ಲಿ ಕೈ ನಿಲ್ಲುತ್ತೋ ಅಲ್ಲಿ ನಿಮ್ಮ ಪಾಠ ತಪ್ಪಿದೆ ಅಂತ. ಬೇಕಾದ್ರೆ ನಿಮ್ಮ ಅತ್ತೇನೇ ಕೂರಿಸಿ."

ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ದುರ್ಗಮ್ಮ ತಲೆ ಎತ್ತದೆ ಅಂದಳು: "ನನ್ನ ಕೈಗೆ ಸ್ಪ್ಯಾನರ್ ಕೊಟ್ರೆ ಅದರಲ್ಲೇ ಬೆಲ್ಲ ಕುಟ್ತೀನಿ ನೋಡು."

ಎಲ್ಲರೂ ನಕ್ಕರು. ಆ ಮಾತು ಅಲ್ಲಿಗೇ ನಿಂತುಹೋಯಿತು.

ಮಕ್ಕಳ ಸ್ಕೂಲು, ಒಲೆ, ಅಂಗಡಿ, ಇವುಗಳ ನಡುವೆ ಪ್ರತಿಮಾ ಎರಡು ತಿಂಗಳು ಒದ್ದಾಡಿ ತನ್ನ ಫೋನಿನಲ್ಲೇ ಹದಿನಾಲ್ಕು ಪಾಠ ಮುಗಿಸಿದಳು. ಕೊನೆಕೊನೆಗೆ ಮುಗಿದರೆ ಸಾಕು ಅನ್ನುವ ಹಾಗಾಗಿತ್ತು. ಅತ್ತೆಯನ್ನು ಕೂರಿಸುವಷ್ಟು ಪುರುಸೊತ್ತು ಎಲ್ಲಿ? ಮಾವನಿಗೆ ಕೊಟ್ಟ ಮಾತು ನೆನಪಾಗದೆ ಇರಲಿಲ್ಲ. ಅದು ಎದುರಿಗೆ ಕೂತು ಕಲಿಯುವವರ ವಿಚಾರ, ಫೋನಿನವರಿಗೆ ಅಲ್ಲ ಅಂತ ತನಗೆ ತಾನೇ ಹೇಳಿಕೊಂಡಳು. ಹನ್ನೊಂದು ಜನ ಕೋರ್ಸು ಕೊಂಡರು.

ಅವತ್ತು ಬುಧವಾರ. ಬೆಳಿಗ್ಗೆ ಮಕ್ಕಳ ಡಬ್ಬಿಗೆ ಚಿತ್ರಾನ್ನ ತುಂಬುತ್ತಾ ಪ್ರತಿಮಾ ಫೋನ್ ನೋಡಿದಳು. ಏಳು ಗಂಟೆ ಆಗಿತ್ತು. ಚೌಳಹಿರಿಯೂರಿನ ಸಿದ್ದಲಿಂಗೇಶ್ ಐದೂವರೆಗೇ ಒಂದು ಫೋಟೋ, ಜೊತೆಗೊಂದು ವಾಯ್ಸ್ ಮೆಸೇಜ್ ಕಳಿಸಿದ್ದ. ತರಕಾರಿ ಸಸಿ ಬೆಳೆಸಿ ಮಾರುವವನು, ಕೋರ್ಸಿನ ಹನ್ನೊಂದು ಜನರಲ್ಲಿ ಒಬ್ಬ.

"ಅಕ್ಕ, ನಮ್ಮ ಮೋಟರು ನಾನೇ ಸುತ್ತಿ ಮುಗಿಸ್ದೆ. ಟೆಸ್ಟೂ ಸರಿ ಬಂತು. ಈಗ ಹೊಲಕ್ಕೆ ತಗೊಂಡೋಗಿ ಬೋರಿಗೆ ಇಳಿಸ್ತೀವಿ. ಎಂಟಕ್ಕೆ ತ್ರೀಫೇಸ್ ಕರೆಂಟು ಬರುತ್ತೆ, ಬಂದ ತಕ್ಷಣ ಸ್ವಿಚ್ ಹಾಕ್ತೀನಿ. ಸಸಿಗೆ ನೀರಿಲ್ದೆ ಎರಡು ದಿನ ಆಯ್ತು."

ಫೋಟೋದಲ್ಲಿ ಮೋಟರು ಗೋಣಿಚೀಲದ ಮೇಲೆ ಮಲಗಿತ್ತು. ವಿಭೂತಿ, ಕುಂಕುಮ, ಮೇಲೊಂದು ಚೆಂಡುಹೂವು. ಚೆಂದ ಕಾಣುತ್ತಿತ್ತು. ಆದರೆ ಗೋಣಿಚೀಲ ಒಣಗಿತ್ತು, ಸುತ್ತಲಿನ ಮಣ್ಣೂ ಒಣಗಿತ್ತು.

ಪ್ರತಿಮಾಳ ಕೈಯಲ್ಲಿದ್ದ ಸೌಟು ನಿಂತಿತು.

ಆ ಜಾತಿಯ ಮೋಟರು ಬೋರಿಗೆ ಇಳಿಯುವ ಮುಂಚೆ ಅದರ ಹೊಟ್ಟೆಗೆ ಒಳ್ಳೆ ನೀರು ತುಂಬಿಸಬೇಕು. ನೆಟ್ಟಗೆ ನಿಲ್ಲಿಸಿ, ತಿರುಪು ಬಿಚ್ಚಿ, ಎರಡು ಜಗ್ ನೀರು ಹೊಯ್ದು, ಗಾಳಿ ಹೋಗುವ ತನಕ ಕಾಯಬೇಕು. ಬೋರಿನ ನೀರು ತಾನಾಗೇ ಒಳಗೆ ಹೋಗುವುದಿಲ್ಲ; ಒಣ ಹೊಟ್ಟೆಯಲ್ಲಿ ಓಡಿದರೆ ಒಳಗಿನ ಬೇರಿಂಗು ಹಿಡಿದುಕೊಂಡು ನಿಮಿಷಗಳಲ್ಲಿ ಮೋಟರು ಸುಟ್ಟುಹೋಗುತ್ತದೆ. ಇಪ್ಪತ್ತು ವರ್ಷದಿಂದ ಅವಳ ಕೈ ಅದನ್ನು ತಾನಾಗೇ ಮಾಡುತ್ತಿತ್ತು. ಪಾಠದಲ್ಲಿ ಹೇಳಿದ್ದಳಾ?

ಹದಿಮೂರನೇ ಪಾಠ ತೆಗೆದಳು. ತಂತಿ ಜೋಡಿಸಿದ್ದು ಇತ್ತು. ಮುಂದಿನ ಕ್ಷಣವೇ ತಿರುಪು ಬಿಗಿ ಮಾಡುತ್ತಿದ್ದಳು. ನಡುವೆ ನೀರಿಲ್ಲ. ಆಗ ನೆನಪಾಯಿತು: ನೀರು ಚಿಮ್ಮಿ ಫೋನು ಹಾಳಾದೀತು ಅಂತ ಅಷ್ಟು ಹೊತ್ತು ರೆಕಾರ್ಡಿಂಗ್ ನಿಲ್ಲಿಸಿದ್ದಳು. ಆಮೇಲೆ ಬಾಯಲ್ಲಿ ಹೇಳುವುದನ್ನೂ ಮರೆತಿದ್ದಳು.

ಫೋನ್ ಮಾಡಿದಳು. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಅಂತ ಬಂತು. ಮತ್ತೆ ಮಾಡಿದಳು. ಅದೇ.

"ರೀ, ಗಾಡಿ ತೆಗೀರಿ. ಚೌಳಹಿರಿಯೂರಿಗೆ ಹೋಗ್ಬೇಕು."

"ಮುಖ ತೊಳ್ಕೊಳ್ಳೋಕೂ ಬಿಡಲ್ವೇನೇ?"

"ಆಮೇಲೆ ತೊಳ್ಕೊಳ್ಳಿ. ಒಬ್ಬನ ಮೋಟರು ಸುಡುತ್ತೆ."

ರೈಲ್ವೆ ಗೇಟ್ ಹಾಕಿತ್ತು. ಗೂಡ್ಸ್ ಗಾಡಿ, ಮುಗಿಯುತ್ತಲೇ ಇಲ್ಲ. ಪ್ರತಿಮಾ ಹಿಂದೆ ಕೂತು ಒಂದೇ ಸಮ ಫೋನ್ ಒತ್ತುತ್ತಿದ್ದಳು. ಏಳೂ ಇಪ್ಪತ್ತು.

"ಬರೀ ನೀರು ತಾನೆ? ಅಷ್ಟು ಅವನಿಗೂ ಗೊತ್ತಿರುತ್ತೆ ಬಿಡು," ಅಂದ ತಿಪ್ಪೇಶ.

"ಎಲ್ಲಾ ಗೊತ್ತಿದ್ದಿದ್ರೆ ನನ್ನ ಹತ್ರ ಯಾಕೆ ಕಲೀತಿದ್ದ?"

ತಿಪ್ಪೇಶ ಗೇಟು ಏಳುವಷ್ಟರಲ್ಲಿ ಬಗ್ಗಿ ಗಾಡಿ ನುಗ್ಗಿಸಿದ. ದಾರಿಯಲ್ಲಿ ಒಂದು ಕುರಿಮಂದೆ ಅಡ್ಡ ಬಂತು. ಕುರಿ ಕಾಯುವವನು ನಿಧಾನಕ್ಕೆ "ಹೋಯ್, ಹೋಯ್" ಅನ್ನುತ್ತಿದ್ದರೆ ಪ್ರತಿಮಾ ಇಳಿದು ತಾನೇ ಕುರಿಗಳನ್ನು ತಳ್ಳಿದಳು. ಚೌಳಹಿರಿಯೂರು ಮುಟ್ಟಿದಾಗ ಎಂಟು. ನರ್ಸರಿ ಊರಾಚೆ. ಕೇಳಿಕೊಂಡು ಹೋಗುವಷ್ಟರಲ್ಲಿ ಎಂಟೂ ಹತ್ತು.

ಹಸಿರು ನೆರಳುಪರದೆಯ ಕೆಳಗೆ ಸಾಲುಸಾಲು ಟ್ರೇಗಳಲ್ಲಿ ಟೊಮೆಟೊ ಸಸಿಗಳು ಕತ್ತು ಬಗ್ಗಿಸಿದ್ದವು. ಸ್ಟಾರ್ಟರ್ ಡಬ್ಬಿಯ ಮುಂದೆ ಇಪ್ಪತ್ತಾರು ಇಪ್ಪತ್ತೇಳರ ಒಬ್ಬ ನಿಂತು ಹಸಿರು ಗುಂಡಿ ಒತ್ತುತ್ತಿದ್ದ. ಟಕ್ ಅನ್ನುತ್ತಿತ್ತು, ಬಿಡುತ್ತಿತ್ತು. ಮತ್ತೆ ಒತ್ತುತ್ತಿದ್ದ.

"ಗುಂಡಿ ಬಿಡಪ್ಪ," ಅಂದಳು ಪ್ರತಿಮಾ.

ಸಿದ್ದಲಿಂಗೇಶ್ ತಿರುಗಿದ. ಹದಿನಾಲ್ಕು ಪಾಠದಲ್ಲಿ ಅವನು ನೋಡಿದ ಮುಖ ಈಗ ಅವನ ಹೊಲದಲ್ಲೇ ನಿಂತಿತ್ತು. "ಅಕ್ಕ, ನಾಲ್ಕು ನಿಮಿಷ ಓಡ್ತು. ನೀರೂ ಬಂತು. ಆಮೇಲೆ ಟ್ರಿಪ್ ಆಗೋಕೆ ಶುರುವಾಯ್ತು. ನಾನೇ ತಂತಿ ಎಲ್ಲೋ ತಪ್ಪು ಸುತ್ತಿದ್ದೀನಿ."

ಅವನ ಅಪ್ಪ ರಂಗಪ್ಪ ಪೈಪಿನ ಮೇಲೆ ಕೂತಿದ್ದವನು ಅಂದ: "ಫೋನಲ್ಲಿ ಮೋಟರ್ ರಿಪೇರಿ ಕಲಿಯೋ ಗಂಡು ಇವನು. ನಾಳೆ ಫೋನಲ್ಲೇ ಊಟನೂ ಮಾಡ್ತಾನೆ."

"ಇಳಿಸೋಕೆ ಮುಂಚೆ ನೀರು ತುಂಬಿಸಿದ್ಯಾ?" ಪ್ರತಿಮಾ ಕೇಳಿದಳು.

"ಎಲ್ಲಿಗೆ?" ಅಂದ ಸಿದ್ದಲಿಂಗೇಶ್.

ಪ್ರತಿಮಾ ಅಲ್ಲೇ ಕಟ್ಟೆಯ ಮೇಲೆ ಕೂತಳು. ರಂಗಪ್ಪನಿಗೂ ಕೇಳುವ ಹಾಗೆ ಹೇಳಿದಳು: "ನಿನ್ನ ಕೈ ತಪ್ಪಿಲ್ಲ ಕಣಪ್ಪ. ಆ ಮಾತು ನಾನು ಹೇಳಲೇ ಇಲ್ಲ. ತಪ್ಪು ನಂದು."

ಕೂತಲ್ಲಿಂದಲೇ ಉಳಿದ ಹತ್ತು ಜನರಿಗೂ ಫೋನ್ ಮಾಡಲು ನೋಡಿದಳು. ಅಲ್ಲಿ ಸಿಗ್ನಲ್ ಇಲ್ಲದೆ ರಸ್ತೆಗೆ ಓಡಿ ಮಾಡಿದಳು. ಮೋಟರಿಗೆ ನೀರು ತುಂಬಿಸದೆ ಯಾರೂ ಇಳಿಸಬೇಡಿ ಅಂದಳು. ಇಬ್ಬರು ಆ ವಾರವೇ ಇಳಿಸುವವರಿದ್ದರು.

ತಿಪ್ಪೇಶ ಗ್ಯಾಂಗ್ ಕರೆಸಿದ. ಅಂಗಡಿಯಲ್ಲಿದ್ದ ಬದಲಿ ಮೋಟರು ಬಂದು, ಅದರ ಹೊಟ್ಟೆಗೆ ಸಿದ್ದಲಿಂಗೇಶನ ಕೈಯಿಂದಲೇ ನೀರು ತುಂಬಿಸಿ ಇಳಿಸಿದ್ದಾಯಿತು. ಸಂಜೆಗೆ ಸಸಿಗಳಿಗೆ ನೀರು ಬಿತ್ತು. ಮುಕ್ಕಾಲು ಪಾಲು ಎದ್ದು ನಿಂತವು. ಉಳಿದವು ಏಳಲಿಲ್ಲ. ಸುಟ್ಟ ಮೋಟರು ಅಜ್ಜಂಪುರಕ್ಕೆ ಬಂತು. ಸಿದ್ದಲಿಂಗೇಶ್ ಒಂದು ವಾರ ಅಂಗಡಿಗೆ ಬಂದು ಪ್ರತಿಮಾಳ ಪಕ್ಕ ಕೂತು ಅದನ್ನು ಮತ್ತೆ ಸುತ್ತಿದ. ತಾಮ್ರದ ಖರ್ಚು ಪ್ರತಿಮಾಳದ್ದು.

ಮೋಟರು ಸುಟ್ಟ ಮಾರನೇ ದಿನವೇ, ಸುದ್ದಿ ಕೇಳಿ ನಯನ ತರೀಕೆರೆ ಬಸ್ಸಿಳಿದು ಬಂದಾಗ ತಿಪ್ಪೇಶ ಬಾಗಿಲಲ್ಲೇ ಹಿಡಿದ. "ಎಲ್ಲಾ ಅಳಿಸಿ ಹಾಕಿಸಮ್ಮ. ಈ ಉಸಾಬರಿ ಬೇಡ."

"ಅಳಿಸಬಹುದು. ಆದ್ರೆ ಅಣ್ಣ, ಇದಕ್ಕೆ ಮುಂಚೆ ಆ ಹುಡುಗನಿಗೆ ಇದನ್ನೆಲ್ಲ ಯಾರು ಹೇಳ್ಕೊಡ್ತಿದ್ರು?"

ಉತ್ತರ ಕೊಟ್ಟಿದ್ದು ಮೂಲೆಯಲ್ಲಿ ತಂತಿ ಬಿಚ್ಚುತ್ತಿದ್ದ ಸಿದ್ದಲಿಂಗೇಶ್. "ಯಾರೂ ಇಲ್ಲ ಅಣ್ಣ. ಎರಡು ಅಂಗಡಿಯಲ್ಲಿ ಕೇಳ್ದೆ, ಒಳಗೇ ಬಿಟ್ಕೊಳ್ಳಲಿಲ್ಲ. ಹದಿಮೂರು ಕೆಲಸ ಸರಿಯಾಗಿ ಬಂತಲ್ಲ ನಂಗೆ. ಒಂದು ಸೇರಿಸಿ ಸಾಕು."

ಆಗ ದುರ್ಗಮ್ಮ ಸೆರಗು ಸಿಕ್ಕಿಸಿಕೊಂಡು ಬಂದು ಸ್ಟೂಲಿನ ಮೇಲೆ ಕೂತಳು. "ತಾರೇ ಪ್ರತಿಮಾ ಆ ಫೋನು. ನಾನು ಮಾಡ್ತೀನಿ. ನೀನು ಬಾಯಿ ಬಿಡಬೇಡ."

ಮುದುಕಿ ವಿಡಿಯೋ ಹೇಳಿದಷ್ಟೇ ಮಾಡಿದಳು, ಒಂದು ಎಳೆ ಹೆಚ್ಚಿಲ್ಲ. "ಇಲ್ಲಿ 'ಹಂಗೇ ಹಿಡ್ಕೊಳ್ಳಿ' ಅಂತೀಯ. ಹಂಗೇ ಅಂದ್ರೆ ಹೆಂಗೆ? ನಿನ್ನ ಕೈನ ನಿನ್ನ ಬೆನ್ನೇ ಮರೆ ಮಾಡಿದೆ." ಇನ್ನೊಂದು ಕಡೆ: "ಸಾಕಾಗೋವಷ್ಟು ಬಿಗಿ ಮಾಡು ಅಂತೀಯ. ಯಾರಿಗೆ ಸಾಕಾಗೋವಷ್ಟು?" ಪ್ರತಿಮಾ ತುಟಿ ಕಚ್ಚಿ ಕೂತಿದ್ದಳು. ಸಾಯಂಕಾಲದ ಹೊತ್ತಿಗೆ ದುರ್ಗಮ್ಮನ ಕೈ ಒಂಬತ್ತು ಕಡೆ ನಿಂತಿತ್ತು. ಒಂಬತ್ತನ್ನೂ ತಿಪ್ಪೇಶನೇ ಸೀಮೆಸುಣ್ಣದಲ್ಲಿ ಗೋಡೆಗೆ ಬರೆದ.

ನೀರು ತುಂಬಿಸುವ ಪಾಠ ತೆಗೆಯುವಾಗ ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಹಿಡಿದುಕೊಂಡವನೂ ಅವನೇ. "ಚಿಮ್ಮಿದ್ರೆ ಚಿಮ್ಮಲಿ. ಸುಟ್ಟ ಮೋಟರು ಮೊದಲು ತೋರಿಸು, ಆಮೇಲೆ ನೀರು ಹೊಯ್ಯಿ," ಅಂದ. ಈಗ ಕೋರ್ಸಿಗೆ ಒಂದು ಹೊಸ ನಿಯಮ ಸೇರಿದೆ. ಕಲಿತವರು ಮೊದಲ ಸ್ವಿಚ್ ಹಾಕುವ ಮುಂಚೆ ಪ್ರತಿಮಾಗೆ ವಿಡಿಯೋ ಕಾಲ್ ಮಾಡಬೇಕು. ಹತ್ತಿರದವರಾದರೆ ಗಂಡಹೆಂಡತಿ ಗಾಡಿ ಹತ್ತಿ ಹೋಗುತ್ತಾರೆ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಕೈಯಲ್ಲೂ ಒಂದು ಕೆಲಸ ಇದ್ದೇ ಇರುತ್ತದೆ. ಅದನ್ನು ಕಲಿಯಬೇಕು ಅನ್ನುವವರು ನಿಮಗೆ ಗೊತ್ತಿಲ್ಲದ ಊರಲ್ಲಿದ್ದಾರೆ. ಪಾಠ ಮಾಡಿ, ಮಾರಿ, ನಾಚಿಕೆ ಪಡುವ ಕೆಲಸ ಅಲ್ಲ ಅದು. ಅಕೌಂಟು ನಿಮ್ಮ ಹೆಸರಲ್ಲಿರಲಿ, ಓಟಿಪಿ ನಿಮ್ಮಲ್ಲೇ ಇರಲಿ. ಆದರೆ ಮಾರುವ ಮುಂಚೆ, ಎಷ್ಟೇ ಸುಸ್ತಾಗಿರಲಿ, ಮನೆಯಲ್ಲಿ ಏನೂ ಗೊತ್ತಿಲ್ಲದ ಒಬ್ಬರ ಕೈಗೆ ಆ ಪಾಠ ಕೊಟ್ಟು ಸುಮ್ಮನೆ ಕೂತು ನೋಡಿ. ನಿಮ್ಮ ಕೈಗೆ ಗೊತ್ತಿದ್ದು ನಿಮ್ಮ ಬಾಯಿಗೆ ಬಂದಿದೆಯೋ ಇಲ್ಲವೋ ಆಗ ತಿಳಿಯುತ್ತದೆ. ದುಡ್ಡು ಕೊಟ್ಟು ಕಲಿತವರು ಎಲ್ಲಾದರೂ ತಪ್ಪಿ ಫೋನ್ ಮಾಡಿದರೆ ಎತ್ತಿ.

ಹೊಸ ನಿಯಮ ಬಂದ ಮೇಲೆ ಒಂಬತ್ತು ಜನ ಮೊದಲ ಸ್ವಿಚ್ ಹಾಕಿದ್ದಾರೆ. ಒಂಬತ್ತಕ್ಕೂ ಪ್ರತಿಮಾ ಇದ್ದಳು. ಸಿದ್ದಲಿಂಗೇಶನ ಮೊದಲ ಸ್ವಿಚ್ಚಿಗೆ ಇರಲಿಲ್ಲ. ಈರಭದ್ರಪ್ಪನಿಗೆ ಕೊಟ್ಟ ಮಾತು ಅವತ್ತು ತಪ್ಪಿತು.